ಗಡಿಯಾರದ ಮಹಾಶಿಲ್ಪಿ ಬ್ರೆಗೆ

ಇಂದು ಹೊತ್ತು ತಿಳಿಯುವುದು ಬಹಳ ಸುಲಭ. ಇನ್ನೂರೈವತ್ತು ವರ್ಷಗಳ ಹಿಂದೆ ಹಾಗಿರಲಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯ ರೈತನು ಹಗಲಿನಲ್ಲಿ ನೆರಳನ್ನು ನೋಡಿ, ಹೊತ್ತು ಮಾರುದ್ದ ಏರಿತೆಂದೋ ನೆತ್ತಿಗೆ ಬಂದಿತೆಂದೋ ಹೇಳುತ್ತಿದ್ದನು. ಬೆಳ್ಳಿ ಮೂಡಿದಾಗ, ಕೋಳಿ ಕೂಗಿದಾಗ ಎದ್ದು ಎತ್ತುಗಳಿಗೆ ಮೇವು ಹಾಕುತ್ತಿದ್ದನು. ಮೋಡ ಕವಿದ ನಡುರಾತ್ರಿಯಲ್ಲಿ ಎಚ್ಚರವಾದರೆ ಹೊತ್ತೆಷ್ಟೆಂದು ತಿಳಿಯುವುದು ಕಷ್ಟವಾಗಿದ್ದಿತು. ಈ ತೊಂದರೆ ಯುರೋಪಿನ ಸಿರಿವಂತರನ್ನೂ ಬಿಟ್ಟಿರಲಿಲ್ಲ. ಅವರ ಬಳಿ ಜೇಬುಗಡಿಯಾರಗಳಿದ್ದವು. ಆದರೆ ಕತ್ತಲಲ್ಲಿ ಮುಳ್ಳುಗಳು ಕಾಣುತ್ತಿರಲಿಲ್ಲ. ಬೆಂಕಿಕಡ್ಡಿ ಇನ್ನೂ ಹುಟ್ಟದ ಆ ಕಾಲದಲ್ಲಿ ದೀಪ ಹೊತ್ತಿಸುವುದೂ ಸುಲಭವಾಗಿರಲಿಲ್ಲ.

ಈ ಕೊರತೆಯನ್ನು ನೀಗಿಸಲು ಹೊತ್ತನ್ನು ಬಾರಿಸಿ ಹೇಳುವ ಜೇಬುಗಡಿಯಾರವೊಂದು 17ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಅದರ ದಪ್ಪವನ್ನು ತಗ್ಗಿಸಿ, ದನಿಯನ್ನು ಇಂಪುಗೊಳಿಸಿದ ಕುಶಲಿಯೇ ಅಬ್ರಹಾಂ ಲೂಯಿ ಬ್ರೆಗೆ.

ಬ್ರೆಗೆಯು 1747ನೆಯ ಇಸವಿ ಜನವರಿ 10ರಂದು ನ್ಯೂಶಾಟೆಲ್ ಎಂಬ ಊರಿನಲ್ಲಿ ಜನಿಸಿದನು. ಇಂದು ಆ ಊರು ಸ್ವಿಟ್ಜರ್ಲೆಂಡಿಗೆ ಸೇರಿದೆ. ಬಾಲ್ಯದಲ್ಲಿಯೇ ಅವನು ತಂದೆಯನ್ನು ಕಳೆದುಕೊಂಡನು. ಮಲತಂದೆಯ ಮನೆತನದವರು ಗಡಿಯಾರದ ಕಸುಬಿನವರು. ಅವರಿಂದ ಬಾಲಕನು ಆ ಕಸುಬಿಗೆ ಪರಿಚಿತನಾಗಿ, 1762ರಲ್ಲಿ ಫ್ರಾನ್ಸಿಗೆ ಹೋಗಿ ವರ್ಸೇಲ್ಸಿನಲ್ಲಿ ಕೆಲಸ ಕಲಿಯತೊಡಗಿದನು. ಹಗಲೆಲ್ಲ ದುಡಿದು, ಸಂಜೆ ಗಣಿತದ ಪಾಠಗಳಿಗೆ ಹೋಗುತ್ತಿದ್ದನು. ಕೈಯ ಕೌಶಲವೂ ಗಣಿತದ ಜ್ಞಾನವೂ ಒಂದೆಡೆ ಕೂಡಿದುದು ಅವನ ಏಳಿಗೆಗೆ ಕಾರಣವಾಯಿತು. 1775ರಲ್ಲಿ ಅವನು ಪ್ಯಾರಿಸ್ ನಗರದ ಸೇನ್ ನದಿಯ ದಂಡೆಯಲ್ಲಿ ಸ್ವಂತ ಕಾರ್ಯಾಗಾರವನ್ನು ತೆರೆದನು. ಅದೇ ವರ್ಷ ಅವನ ಮದುವೆಯಾಯಿತು. ಆದರೆ ಐದೇ ವರ್ಷಗಳಲ್ಲಿ ಹೆಂಡತಿ ತೀರಿಕೊಂಡಳು. ಎಳೆಯ ಮಗನೊಬ್ಬನ ಹೊಣೆಯೂ ಬೆಳೆಯುತ್ತಿದ್ದ ಕಾರ್ಯಾಗಾರದ ಹೊಣೆಯೂ ಅವನ ಮೇಲೆ ಬಿದ್ದವು.

ಬಾರಿಸುವ ಗಡಿಯಾರದ ಒಳಗೆ ಬಸವನಹುಳುವಿನ ಚಿಪ್ಪಿನಂತೆ ಮೆಟ್ಟಿಲು ಮೆಟ್ಟಿಲಾದ ಬಿಲ್ಲೆಗಳಿರುತ್ತವೆ. ಗಡಿಯಾರ ನಡೆದಂತೆ ಅವೂ ತಿರುಗುತ್ತವೆ. ಹೊರಗಿನ ಗುಂಡಿಯನ್ನು ಒತ್ತಿದಾಗ ಸಣ್ಣದೊಂದು ಸ್ಪ್ರಿಂಗು ಬಿಗಿದುಕೊಳ್ಳುತ್ತದೆ. ಒಳಗಿನ ಸನ್ನೆಯು ಬಿಲ್ಲೆಯ ಮೆಟ್ಟಿಲನ್ನು ಮುಟ್ಟಿ, ಎಷ್ಟು ಪೆಟ್ಟು ಬೀಳಬೇಕೆಂಬುದನ್ನು ನಿರ್ಧರಿಸುತ್ತದೆ. ಪುಟ್ಟ ಸುತ್ತಿಗೆಗಳು ಬಾರಿಸತೊಡಗುತ್ತವೆ. ನಿಮಿಷಗಳನ್ನೂ ಹೇಳುವ ಗಡಿಯಾರದಲ್ಲಿ ಹೊತ್ತು ಎರಡು ಗಂಟೆ ಐವತ್ತು ನಿಮಿಷವಾಗಿದ್ದರೆ, ಗಂಟೆಗಳಿಗಾಗಿ ಎರಡು ಪೆಟ್ಟು, ಕಾಲುಗಂಟೆಗಳಿಗಾಗಿ ಮೂರು ಜೋಡಿ ಪೆಟ್ಟು, ಉಳಿದ ನಿಮಿಷಗಳಿಗಾಗಿ ಐದು ಪೆಟ್ಟು ಕೇಳಿಬರುತ್ತವೆ. ಹಿಂದೆ ಈ ಸುತ್ತಿಗೆಗಳು ಬಡಿಯುತ್ತಿದ್ದುದು ಗಡಿಯಾರದ ಹಿಂಬದಿಯಲ್ಲಿದ್ದ ಗಂಟೆಯ ಮೇಲೆ. 1783ರಲ್ಲಿ ಬ್ರೆಗೆಯು ಆ ಗಂಟೆಯನ್ನು ತೆಗೆದು, ಯಂತ್ರದ ಸುತ್ತ ಬಳಸಿದ ಉಕ್ಕಿನ ತಂತಿಯನ್ನು ಇಟ್ಟನು. ಗಡಿಯಾರ ತೆಳ್ಳಗಾಯಿತು, ದನಿ ಇಂಪಾಯಿತು.

ಅದೇ ವರ್ಷ ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್ಟಳಿಗಾಗಿ ಒಂದು ಗಡಿಯಾರವನ್ನು ಮಾಡಿಕೊಡುವಂತೆ ಬ್ರೆಗೆಗೆ ಬೇಡಿಕೆ ಬಂದಿತು. ಅಂದಿನ ಗಡಿಯಾರ ವಿದ್ಯೆಯಲ್ಲಿದ್ದ ಎಲ್ಲ ಕೌಶಲಗಳೂ ಅದರಲ್ಲಿ ಇರಬೇಕಾಗಿದ್ದಿತು. ಹಣಕ್ಕೂ ಕಾಲಕ್ಕೂ ಮಿತಿಯಿರಲಿಲ್ಲ. ಐದು ವರ್ಷಗಳ ತರುವಾಯ, 1788ರಲ್ಲಿ, ಹಾಸನ ಸೀಮೆಯೂ ಸೇರಿದ್ದ ಮೈಸೂರು ರಾಜ್ಯದಿಂದ ಟಿಪ್ಪು ಸುಲ್ತಾನನ ರಾಯಭಾರಿಗಳು ಫ್ರಾನ್ಸಿಗೆ ಹೋದರು. ಅವರು ಹದಿನಾರನೆಯ ಲೂಯಿ ದೊರೆಯಿಂದ ಬಯಸಿದ ಕುಶಲಕರ್ಮಿಗಳಲ್ಲಿ ಗಡಿಯಾರ ಮಾಡುವವರೂ ಇದ್ದರು. ಪ್ಯಾರಿಸಿನ ಗಡಿಯಾರಗಳ ಕೀರ್ತಿ ಅಷ್ಟು ದೂರ ಹಬ್ಬಿದ್ದಿತು.

ಮರುವರ್ಷವೇ ಫ್ರಾನ್ಸಿನಲ್ಲಿ ಮಹಾಕ್ರಾಂತಿ ಎದ್ದಿತು. ದೊರೆಯೂ ರಾಣಿಯೂ ಸೆರೆಯಾದರು. ಅರಮನೆಯವರಿಗೆ ಗಡಿಯಾರ ಮಾಡಿಕೊಟ್ಟವನ ತಲೆಯೂ ಅಪಾಯದಲ್ಲಿದ್ದಿತು. 1793ರಲ್ಲಿ ಬ್ರೆಗೆಯು ಸ್ನೇಹಿತರ ನೆರವಿನಿಂದ ರಹದಾರಿ ಪಡೆದು, ಮಗನೊಡನೆ ತಾಯ್ನಾಡಿಗೆ ಹೊರಟುಹೋದನು. ಆ ವರ್ಷದ ಅಕ್ಟೋಬರಿನಲ್ಲಿ ರಾಣಿಗೆ ಮರಣದಂಡನೆಯಾಯಿತು. ಅವಳಿಗಾಗಿ ಆರಂಭಿಸಿದ್ದ ಗಡಿಯಾರವಿನ್ನೂ ಪೂರ್ಣವಾಗಿರಲಿಲ್ಲ.

ಕಾರ್ಯಾಗಾರವಿಲ್ಲ, ನುರಿತ ಕೆಲಸಗಾರರಿಲ್ಲ. ಇಪ್ಪತ್ತು ವರ್ಷಗಳ ದುಡಿಮೆ ಕೈಬಿಟ್ಟುಹೋಗಿದೆ. ಬೇರೊಬ್ಬನಾಗಿದ್ದರೆ ಎದೆಗುಂದುತ್ತಿದ್ದನು. ಬ್ರೆಗೆಯು ಆ ದಿನಗಳನ್ನು ಚಿಂತನೆಗೆ ಮೀಸಲಿಟ್ಟನು. 1795ರಲ್ಲಿ ಪ್ಯಾರಿಸಿಗೆ ಮರಳಿ, ಹಾಳಾಗಿದ್ದ ಕಾರ್ಯಾಗಾರವನ್ನು ಮತ್ತೆ ಕಟ್ಟಿದನು. ಆಗ ಅವನಿಗೆ ನಲವತ್ತೆಂಟು ವರ್ಷ.

ಅವನ ಹಲವು ದೊಡ್ಡ ಸಾಧನೆಗಳು ಬೆಳಕಿಗೆ ಬಂದುದು ಆ ಬಳಿಕವೇ. ಜೇಬಿನಲ್ಲಿ ಗಡಿಯಾರವು ಬಹುಕಾಲ ನೆಟ್ಟಗೆ ನಿಂತಿರುತ್ತದೆ. ಅದರ ಹೃದಯವಾದ ತೂಗುಚಕ್ರದ ಒಂದು ಬದಿ ಕೂದಲೆಳೆಯಷ್ಟು ಭಾರವಾದರೂ, ಭೂಮಿಯ ಸೆಳೆತದಿಂದ ನಡಿಗೆ ಕೆಡುತ್ತದೆ. ಎಳ್ಳಷ್ಟೂ ಲೋಪವಿಲ್ಲದ ಚಕ್ರವನ್ನು ಮಾಡುವುದು ಮನುಷ್ಯನ ಕೈಗೆ ಅಸಾಧ್ಯವೆಂದು ಬ್ರೆಗೆ ಅರಿತಿದ್ದನು. ಆದುದರಿಂದ ಆ ಚಕ್ರವನ್ನೇ ಪುಟ್ಟ ಪಂಜರದಲ್ಲಿಟ್ಟು, ಪಂಜರವು ಸುಳಿಗಾಳಿಯಂತೆ ಒಂದೇ ಸಮನೆ ಸುತ್ತುವಂತೆ ಮಾಡಿದನು. ಒಂದು ನಿಲುವಿನಲ್ಲಿ ಆದ ತಪ್ಪನ್ನು ಎದುರು ನಿಲುವು ಸರಿದೂಗಿಸಿತು. ಸುಳಿಗಾಳಿ ಎಂಬ ಅರ್ಥದ ಟೂರ್ಬಿಯೋ ಎಂಬ ಹೆಸರು ಈ ರಚನೆಗೆ ಬಂದಿತು. 1801ರ ಜೂನ್ 26ರಂದು ಅವನು ಅದರ ಹಕ್ಕುಪತ್ರವನ್ನು ಪಡೆದನು. ಆದರೆ ಇದನ್ನು ಮಾಡುವುದು ಎಷ್ಟು ಕಠಿಣವಾಗಿದ್ದಿತೆಂದರೆ, ಅವನ ಜೀವಿತಕಾಲದಲ್ಲಿ ಮಾರಾಟವಾದವು ಸುಮಾರು 35 ಮಾತ್ರ.

ಕಿವಿಗೆ ಹೊತ್ತು ಹೇಳಿದ ಬ್ರೆಗೆಯು ಬೆರಳಿಗೂ ಹೊತ್ತು ಹೇಳುವ ಗಡಿಯಾರವನ್ನು ರಚಿಸಿದನು. ಅದರ ಮುಚ್ಚಳದ ಮೇಲೊಂದು ಬಾಣ. ಅಂಚಿನಲ್ಲಿ ಗಂಟೆಗಳನ್ನು ಸೂಚಿಸುವ ಗುಬುಟುಗಳು. ಬಾಣವನ್ನು ಮೆಲ್ಲನೆ ತಿರುಗಿಸಿದರೆ ಅದು ಆಗಿನ ಹೊತ್ತಿನಲ್ಲಿ ತಡೆದು ನಿಲ್ಲುತ್ತಿದ್ದಿತು. ಕಣ್ಣಿನ ನೆರವಿಲ್ಲದೆ ಹೊತ್ತನ್ನು ಅರಿಯಬಹುದಾಗಿದ್ದಿತು. ಬಹುಕಾಲದ ತರುವಾಯ, 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆಯನ್ನು ಆರಂಭಿಸಿದ ಎಚ್.ಎಂ.ಟಿ. ಸಂಸ್ಥೆಯೂ ಅಂಧರಿಗಾಗಿ ಮುಟ್ಟಿ ತಿಳಿಯುವ ಬ್ರೈಲ್ ಕೈಗಡಿಯಾರಗಳನ್ನು ತಯಾರಿಸಿತು.

ಬ್ರೆಗೆಯ ಮನಸ್ಸು ಅವನ ಕೈಯಷ್ಟೇ ಹದವಾದುದು. ಕೆಲಸಗಾರನು ಒಳ್ಳೆಯ ಕೆಲಸ ಮಾಡಿ ತಂದ ಲೆಕ್ಕದ ಕೊನೆಯಲ್ಲಿ ಸೊನ್ನೆಯಿದ್ದರೆ, ಅದಕ್ಕೊಂದು ಬಾಲ ಎಳೆದು ಒಂಬತ್ತಾಗಿ ಮಾಡಿ ಹೆಚ್ಚು ಹಣ ಕೊಡುತ್ತಿದ್ದನೆಂದು ಹೇಳುತ್ತಾರೆ. 1816ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. 1823ರ ಸೆಪ್ಟೆಂಬರ್ 17ರಂದು ಅವನು ಪ್ಯಾರಿಸಿನಲ್ಲಿ ಕಾಲವಾದನು.

ರಾಣಿಯ ಗಡಿಯಾರ ಪೂರ್ಣಗೊಂಡುದು 1827ರಲ್ಲಿ, ಅವನ ಮಗನ ಕಾಲದಲ್ಲಿ. ಯಾರಿಗಾಗಿ ಅದು ಆರಂಭವಾಯಿತೋ ಅವಳು ಅದನ್ನು ನೋಡಲಿಲ್ಲ; ಆರಂಭಿಸಿದವನೂ ಅದರ ಮುಕ್ತಾಯವನ್ನು ಕಾಣಲಿಲ್ಲ. 1983ರಲ್ಲಿ ಜೆರುಸಲೇಮಿನ ವಸ್ತುಸಂಗ್ರಹಾಲಯದಿಂದ ಅದು ಕಳುವಾಗಿ, 2007ರಲ್ಲಿ ಮರಳಿ ದೊರೆಯಿತು. ಕೊಳ್ಳುವವರು ಯಾರೂ ಉಳಿಯದಿದ್ದರೂ, ಕೈಹಿಡಿದ ಕೆಲಸವನ್ನು ಅರೆಯಾಗಿ ಬಿಡಬಾರದೆಂಬ ನಿಷ್ಠೆ ಆ ಕಾರ್ಯಾಗಾರದಲ್ಲಿ ಉಳಿದಿದ್ದಿತು. ಬ್ರೆಗೆಯು ತನ್ನ ಮಗನಿಗೂ ಶಿಷ್ಯರಿಗೂ ಬಿಟ್ಟುಹೋದ ನಿಜವಾದ ಆಸ್ತಿ ಅದೇ.