ಮೂರು ಮಕ್ಕಳ ತಾಯಿ ವೈದ್ಯೆಯಾದರು: ಡಾ. ಮೇರಿ ಶಾರ್ಲೀಬ್ (1845-1930)

ವೈದ್ಯಕೀಯ ಶಿಕ್ಷಣವೆಂದರೆ ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ, ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕ್ ಗಳಿಸಿ, ಹದಿನೆಂಟು ಹತ್ತೊಂಬತ್ತರ ಪ್ರಾಯದಲ್ಲಿ ಕಾಲೇಜಿನ ಮೆಟ್ಟಿಲು ಹತ್ತುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆ ಪ್ರಾಯ ದಾಟಿದವರು, ಮದುವೆಯಾದವರು, ಮಧ್ಯದಲ್ಲಿ ಓದು ನಿಲ್ಲಿಸಿದವರು ತಮ್ಮ ಕನಸನ್ನು ಮಡಚಿಟ್ಟು ಸುಮ್ಮನಾಗುತ್ತಾರೆ. ಆದರೆ ಸುಮಾರು ಒಂದೂವರೆ ಶತಮಾನದ ಹಿಂದೆ ನಮ್ಮ ನೆರೆಯ ಮದ್ರಾಸಿನಲ್ಲಿ ಮೂವತ್ತು ವರ್ಷದ ಗೃಹಿಣಿಯೊಬ್ಬರು ಮೆಡಿಕಲ್ ಕಾಲೇಜಿನಲ್ಲಿ ಸೀಟು ಕೇಳಿದರು. ಅವರು ಮೂರು ಮಕ್ಕಳ ತಾಯಿ. ಅಂದಿನವರೆಗೆ ಆ ಕಾಲೇಜಿನಲ್ಲಿ ಒಬ್ಬ ಹೆಣ್ಣುಮಗಳೂ ಓದಿರಲಿಲ್ಲ. ಆ ಮಹಿಳೆಯೇ ಮುಂದೆ ಲಂಡನ್ ವಿಶ್ವವಿದ್ಯಾಲಯದ ಎಂ.ಡಿ. ಪದವಿ ಪಡೆದ ಮೊದಲ ಮಹಿಳೆ ಎನಿಸಿದ ಡಾ. ಮೇರಿ ಶಾರ್ಲೀಬ್.

ಬಾಲ್ಯ ಮತ್ತು ಮದುವೆ

ಮೇರಿ ಆನ್ ಡೇಕಂಬ್ ಬರ್ಡ್ ಹುಟ್ಟಿದ್ದು 1845ರ ಜೂನ್ 18ರಂದು, ಲಂಡನ್ನಿನಲ್ಲಿ. ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯನ್ನು ಕಳೆದುಕೊಂಡ ಮಗು ಅಜ್ಜ ಅಜ್ಜಿಯರ ಆಸರೆಯಲ್ಲಿ ಬೆಳೆಯಿತು. ಹೆರಿಗೆಯ ನಂತರ ತಾಯಂದಿರು ಸಾಯುವುದು ಅಂದು ಇಂಗ್ಲೆಂಡಿನಲ್ಲೂ ಅಪರೂಪವಾಗಿರಲಿಲ್ಲ. ಮೇರಿ ಆ ಕಾಲದ ಮಧ್ಯಮ ವರ್ಗದ ಹೆಣ್ಣುಮಕ್ಕಳು ಹೋಗುತ್ತಿದ್ದ ಶಾಲೆಗಳಲ್ಲಿ ಓದಿದರು. ಹುಡುಗಿಯರು ವೈದ್ಯರಾಗುವುದು ಅಲ್ಲಿ ಯಾರೂ ಆಡದ ಮಾತಾಗಿತ್ತು.

ಇಪ್ಪತ್ತರ ಪ್ರಾಯದಲ್ಲಿ, 1865ರ ಡಿಸೆಂಬರಿನಲ್ಲಿ, ವಿಲಿಯಂ ಶಾರ್ಲೀಬ್ ಎಂಬ ವಕೀಲರೊಂದಿಗೆ ಅವರ ಮದುವೆಯಾಯಿತು. ಪತಿ ವಕೀಲಿ ವೃತ್ತಿಗೆ ಆರಿಸಿಕೊಂಡದ್ದು ಮದ್ರಾಸನ್ನು. 1866ರಲ್ಲಿ ದಂಪತಿಗಳು ಅಲ್ಲಿ ನೆಲೆಸಿದರು. ಮನೆ, ಮಕ್ಕಳು, ಪತಿಯ ಕಾನೂನು ಬರವಣಿಗೆಯಲ್ಲಿ ಸಹಾಯ, ಇವುಗಳಲ್ಲೇ ವರ್ಷಗಳು ಕಳೆದವು.

ಮನಸ್ಸನ್ನು ಕಲಕಿದ ಸಂಗತಿ

ಪತಿಯ ವೃತ್ತಿಯ ಮೂಲಕವೇ ಮೇರಿಯವರಿಗೆ ಊರಿನ ಮನೆಗಳ ಒಳಗಿನ ಸಂಗತಿಗಳು ತಿಳಿದುಬಂದವು. ಗೋಷಾ ಪಾಲಿಸುತ್ತಿದ್ದ ಮುಸ್ಲಿಂ ಮಹಿಳೆಯರು ಮತ್ತು ಮೇಲ್ಜಾತಿಯ ಹಿಂದೂ ಮಹಿಳೆಯರು ಹೆರಿಗೆಯ ಹೊತ್ತಿನಲ್ಲಿ ಎಷ್ಟೇ ಕಷ್ಟವಾದರೂ ಪುರುಷ ವೈದ್ಯರಿಗೆ ತೋರಿಸಿಕೊಳ್ಳುತ್ತಿರಲಿಲ್ಲ. ವೈದ್ಯರೆಂದರೆ ಎಲ್ಲರೂ ಪುರುಷರೇ. ಮನೆಗೆ ಬರುತ್ತಿದ್ದ ಸೂಲಗಿತ್ತಿಯ ಕೈಮೀರಿದರೆ ಮುಂದೆ ದಾರಿಯೇ ಇರಲಿಲ್ಲ. ಆಸ್ಪತ್ರೆ ಅದೇ ಊರಿನಲ್ಲಿದ್ದರೂ ತಾಯಿಯೂ ಮಗುವೂ ಮನೆಯೊಳಗೇ ಕೊನೆಯುಸಿರೆಳೆಯುತ್ತಿದ್ದರು.

ಇದನ್ನು ಕಂಡ ಅನೇಕರು ಆ ಮಹಿಳೆಯರ ಪದ್ಧತಿಯನ್ನು ದೂರಿ ಸುಮ್ಮನಾದರು. ಮೇರಿ ಹಾಗೆ ಮಾಡಲಿಲ್ಲ. ಗೋಷಾ ಬಿಟ್ಟು ಬಂದರೆ ಮಾತ್ರ ಚಿಕಿತ್ಸೆ ಎಂದು ಸಾಯುತ್ತಿರುವ ತಾಯಿಗೆ ಷರತ್ತು ಹಾಕುವುದರಲ್ಲಿ ಅರ್ಥವಿಲ್ಲ, ವೈದ್ಯರ ಸ್ಥಾನದಲ್ಲಿ ಹೆಣ್ಣೊಬ್ಬಳು ನಿಂತರೆ ಸಾಕು ಎಂಬುದು ಅವರಿಗೆ ಹೊಳೆಯಿತು. ಮೊದಲು ಮದ್ರಾಸಿನ ಸರಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಸೂಲಗಿತ್ತಿಯ ಕೆಲಸ ಕಲಿತರು. ಆದರೆ ಸುಲಭದ ಹೆರಿಗೆಗೆ ಆ ಕಲಿಕೆ ಸಾಕು, ಪ್ರಾಣಕ್ಕೆ ಅಪಾಯವಾದಾಗ ಪೂರ್ಣ ವೈದ್ಯಕೀಯ ಜ್ಞಾನವೇ ಬೇಕು ಎಂಬುದು ಬೇಗನೆ ಅರಿವಾಯಿತು. ಆಗಲೇ ಅವರು ಮೆಡಿಕಲ್ ಕಾಲೇಜಿನ ಕಡೆ ಮುಖ ಮಾಡಿದ್ದು.

ಬಾಗಿಲು ತೆರೆದವರು

ಆ ದಿನಗಳ ಪರಿಸ್ಥಿತಿಯನ್ನು ನಾವು ನೆನಪಿಡಬೇಕು. ಬ್ರಿಟನ್ನಿನ ಎಡಿನ್‌ಬರೋದಲ್ಲಿ ಸೋಫಿಯಾ ಜೆಕ್ಸ್-ಬ್ಲೇಕ್ ಮತ್ತು ಅವರ ಸಂಗಾತಿಗಳು ವೈದ್ಯಕೀಯ ಓದಲು ಹೋದಾಗ 1870ರಲ್ಲಿ ಪರೀಕ್ಷಾ ಭವನದ ಎದುರೇ ಗಲಭೆಯಾಗಿತ್ತು. 1873ರಲ್ಲಿ ನ್ಯಾಯಾಲಯದಲ್ಲೂ ಅವರಿಗೆ ಸೋಲಾಯಿತು. 1874ರಲ್ಲಿ ಲಂಡನ್ನಿನಲ್ಲಿ ಮಹಿಳೆಯರಿಗಾಗಿಯೇ ವೈದ್ಯಕೀಯ ಶಾಲೆ ಆರಂಭವಾದರೂ ರೋಗಿಗಳ ಬಳಿ ನಿಂತು ಕಲಿಯಲು 1877ರವರೆಗೆ ಅವರಿಗೆ ಆಸ್ಪತ್ರೆ ಸಿಗಲಿಲ್ಲ. ಹೀಗಿರುವಾಗ 1875ರಲ್ಲಿಯೇ ಮದ್ರಾಸ್ ಮೆಡಿಕಲ್ ಕಾಲೇಜು ನಾಲ್ವರು ಮಹಿಳೆಯರನ್ನು ಸೇರಿಸಿಕೊಂಡಿತು. ಮೇರಿ ಶಾರ್ಲೀಬ್ ಅವರಲ್ಲೊಬ್ಬರು.

ಈ ಪ್ರವೇಶದ ಹಿಂದೆ ಇದ್ದವರು ಮದ್ರಾಸಿನ ಸರ್ಜನ್ ಜನರಲ್ ಎಡ್ವರ್ಡ್ ಬಾಲ್ಫರ್. ನಮ್ಮ ಓದುಗರು ಈ ಹೆಸರನ್ನು ತಿಳಿದಿರಬೇಕು. ಪರ್ಷಿಯನ್, ಹಿಂದೂಸ್ತಾನಿ ಬಲ್ಲ ಈ ವೈದ್ಯರು ಮದ್ರಾಸಿನಲ್ಲಿ ಮುಸ್ಲಿಮರಿಗಾಗಿ ಮೊಹಮ್ಮಡನ್ ಪಬ್ಲಿಕ್ ಲೈಬ್ರರಿ ಸ್ಥಾಪನೆಯಾಗಲು ಕಾರಣರಾದವರು. ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದ ಆರಂಭದಲ್ಲೂ ಅವರ ಪಾತ್ರವಿತ್ತು. ಪ್ರಸೂತಿ ಶಾಸ್ತ್ರದ ಇಂಗ್ಲಿಷ್ ಪುಸ್ತಕವೊಂದನ್ನು ತಾವೇ ಹಿಂದೂಸ್ತಾನಿಗೆ ಅನುವಾದಿಸಿ, ಅದನ್ನು ತಮಿಳು, ತೆಲುಗು ಮತ್ತು ಕನ್ನಡಕ್ಕೂ ಅನುವಾದ ಮಾಡಿಸಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದರು. ತಾಯಂದಿರ ಸಾವಿನ ಬಗ್ಗೆ ಮೊದಲೇ ಚಿಂತಿಸಿದ್ದ ಅಧಿಕಾರಿಯೊಬ್ಬರು ಆ ಸ್ಥಾನದಲ್ಲಿದ್ದುದರಿಂದಲೇ ಮೇರಿಯವರ ಅರ್ಜಿಗೆ ಬೆಲೆ ಬಂತು. ಅರ್ಜಿ ಹಾಕುವವರ ಧೈರ್ಯದಷ್ಟೇ ಅರ್ಜಿ ನೋಡುವವರ ಹೃದಯವೂ ಮುಖ್ಯ ಎಂಬುದಕ್ಕೆ ಇದು ಸಾಕ್ಷಿ.

ಕಾಲೇಜು ಸೇರಿದ ಮಾತ್ರಕ್ಕೆ ಎಲ್ಲವೂ ಸರಾಗವಾಗಲಿಲ್ಲ. ಆಸ್ಪತ್ರೆಯ ಹಿರಿಯ ವೈದ್ಯರಲ್ಲಿ ಮಹಿಳೆಯರಿಗೆ ಕಲಿಸಲು ಮನಸ್ಸಿಲ್ಲದವರೂ ಇದ್ದರು. ವಾರ್ಡಿನಲ್ಲಿ ಓಡಾಡುವುದನ್ನು ತಡೆಯಲಾಗದು, ಆದರೆ ಪಾಠ ಹೇಳುವುದಿಲ್ಲ ಎಂಬ ನಿಲುವು ಅವರದಾಗಿತ್ತು. ಮನೆಯಲ್ಲಿ ಮೂವರು ಮಕ್ಕಳ ಜವಾಬ್ದಾರಿ, ಹೊರಗೆ ಮದ್ರಾಸಿನ ಬಿಸಿಲು, ಕಾಲೇಜಿನಲ್ಲಿ ಅನುಮಾನದ ನೋಟ. ಇಷ್ಟರ ನಡುವೆಯೂ ಮೂರು ವರ್ಷಗಳ ಓದನ್ನು ಮುಗಿಸಿ 1878ರಲ್ಲಿ ಅವರು ತೇರ್ಗಡೆಯಾದರು. ಪತಿಯ ಬೆಂಬಲ ಇಲ್ಲದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಮತ್ತೆ ಮೊದಲಿನಿಂದ

ಇಲ್ಲಿಗೆ ನಿಂತಿದ್ದರೂ ಯಾರೂ ಅವರನ್ನು ತಪ್ಪು ಹೇಳುತ್ತಿರಲಿಲ್ಲ. ಕೈಯಲ್ಲಿ ಪ್ರಮಾಣಪತ್ರವಿತ್ತು, ಮದ್ರಾಸಿನಲ್ಲಿ ರೋಗಿಗಳಿಗೆ ಬರವಿರಲಿಲ್ಲ. ಆದರೆ ಆಸ್ಪತ್ರೆಯೊಂದನ್ನು ನಡೆಸಬೇಕಾದರೆ, ಇತರ ಹೆಣ್ಣುಮಕ್ಕಳಿಗೆ ಕಲಿಸಬೇಕಾದರೆ ಇನ್ನೂ ಹೆಚ್ಚಿನ ವಿದ್ಯೆ ಬೇಕೆಂದು ಅವರಿಗೆ ಅನ್ನಿಸಿತು. ಮಕ್ಕಳೊಂದಿಗೆ ಇಂಗ್ಲೆಂಡಿಗೆ ಹೊರಟರು. ಪತಿ ವೃತ್ತಿಯ ನಿಮಿತ್ತ ಮದ್ರಾಸಿನಲ್ಲೇ ಉಳಿದರು. ಅದೇ 1878ರಲ್ಲಿ ಲಂಡನ್ ವಿಶ್ವವಿದ್ಯಾಲಯವು ತನ್ನ ಪದವಿಗಳನ್ನು ಮಹಿಳೆಯರಿಗೆ ತೆರೆದಿತ್ತು. ಅದಕ್ಕೆ ಮೆಟ್ರಿಕ್ಯುಲೇಷನ್ ಪರೀಕ್ಷೆಯಿಂದಲೇ ಆರಂಭಿಸಬೇಕಿತ್ತು. ಮದ್ರಾಸಿನ ಮೆಡಿಕಲ್ ಕಾಲೇಜಿನಲ್ಲಿ ಮೂರು ವರ್ಷ ಓದಿ ಬಂದವರು ಮತ್ತೆ ಶಾಲಾ ಮಕ್ಕಳ ಪರೀಕ್ಷೆಗೆ ಕೂರುವುದೆಂದರೆ ಎಷ್ಟು ತಾಳ್ಮೆ ಬೇಕು! ಮೇರಿ ಅದಕ್ಕೆ ಹಿಂಜರಿಯಲಿಲ್ಲ. ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಯಲ್ಲೂ ರಾಯಲ್ ಫ್ರೀ ಆಸ್ಪತ್ರೆಯಲ್ಲೂ ಕಲಿತು, 1882ರಲ್ಲಿ ಎಂ.ಬಿ. ಪದವಿ ಪಡೆದರು. ಆ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದ ಮೊದಲ ಇಬ್ಬರು ಮಹಿಳೆಯರಲ್ಲಿ ಅವರೊಬ್ಬರು, ಎಡಿತ್ ಶೋವ್ ಇನ್ನೊಬ್ಬರು. ಪ್ರಸೂತಿ ಶಾಸ್ತ್ರದಲ್ಲಿ ಚಿನ್ನದ ಪದಕವೂ ಮೇರಿಯವರಿಗೆ ದೊರೆಯಿತು. ಮೂರು ಬಾರಿ ಹೆತ್ತ ತಾಯಿ ಆ ವಿಷಯದಲ್ಲೇ ಚಿನ್ನದ ಪದಕ ಗಳಿಸಿದರು. ಬದುಕಿನ ಅನುಭವವೂ ಓದಿಗೆ ನೆರವಾಗುತ್ತದೆ ಎಂಬುದನ್ನು ಇದು ತೋರಿಸುತ್ತದೆ. ನಂತರ ವಿಯೆನ್ನಾಕ್ಕೆ ಹೋಗಿ ಹೆರಿಗೆ ಚಿಕಿತ್ಸೆಯಲ್ಲಿ ಹೆಚ್ಚಿನ ಅಭ್ಯಾಸ ಮಾಡಿದರು.

ಗೋಷಾ ಆಸ್ಪತ್ರೆ

1883ರಲ್ಲಿ ಮದ್ರಾಸಿಗೆ ಮರಳುವ ಮುನ್ನ ಅವರಿಗೆ ವಿಕ್ಟೋರಿಯಾ ರಾಣಿಯ ಭೇಟಿ ದೊರೆಯಿತು. ಭಾರತದ ಮಹಿಳೆಯರು ವೈದ್ಯರಿಲ್ಲದೆ ಪಡುತ್ತಿದ್ದ ಪಾಡನ್ನು ರಾಣಿಯ ಮುಂದೆ ವಿವರಿಸಿದರು. ಎರಡು ವರ್ಷಗಳ ನಂತರ, 1885ರಲ್ಲಿ, ಮದ್ರಾಸಿನಲ್ಲಿ ಗೋಷಾ ಮತ್ತು ಮೇಲ್ಜಾತಿಯ ಮಹಿಳೆಯರಿಗಾಗಿ ವಿಕ್ಟೋರಿಯಾ ಆಸ್ಪತ್ರೆ ಆರಂಭವಾಯಿತು. ಅಲ್ಲಿ ಚಿಕಿತ್ಸೆ ನೀಡುವವರು ಮಹಿಳೆಯರೇ. ಬರುವವರ ಮರ್ಯಾದೆಗೆ, ಪದ್ಧತಿಗೆ ಧಕ್ಕೆಯಾಗದಂತೆ ವ್ಯವಸ್ಥೆಯಿತ್ತು. ಮನೆಯ ಹೊಸ್ತಿಲು ದಾಟದ ತಾಯಂದಿರು ಅಲ್ಲಿಗೆ ಬರತೊಡಗಿದರು. ಮೇರಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಪಾಠವನ್ನೂ ಹೇಳಿದರು. ಕೆಲವು ವರ್ಷಗಳ ಹಿಂದೆ ಸೀಟು ಕೇಳಿದ್ದ ಗೃಹಿಣಿ ಈಗ ಅದೇ ಕಾಲೇಜಿನ ಉಪನ್ಯಾಸಕಿ!

ಆ ಆಸ್ಪತ್ರೆ ಇಂದಿಗೂ ಇದೆ. ಚೆನ್ನೈನ ಟ್ರಿಪ್ಲಿಕೇನ್‌ನಲ್ಲಿರುವ ಸರಕಾರಿ ಕಸ್ತೂರಬಾ ಗಾಂಧಿ ಮಹಿಳೆಯರ ಮತ್ತು ಮಕ್ಕಳ ಆಸ್ಪತ್ರೆ ಅದೇ. ಹಳಬರು ಅದನ್ನು ಗೋಷಾ ಆಸ್ಪತ್ರೆ ಎಂದೇ ಕರೆಯುತ್ತಿದ್ದರು. ನಮ್ಮ ಬೆಂಗಳೂರಿನ ಶಿವಾಜಿನಗರದಲ್ಲೂ ದಾನಿ ಹಾಜಿ ಸರ್ ಇಸ್ಮಾಯಿಲ್ ಸೇಟ್ ಅವರ ಹೆಸರಿನ ಗೋಷಾ ಆಸ್ಪತ್ರೆ ಇದೆ. ಹೆಣ್ಣುಮಕ್ಕಳು ಸಂಕೋಚವಿಲ್ಲದೆ ಬರುವಂಥ ಆಸ್ಪತ್ರೆ ಬೇಕೆಂಬ ಆ ಕಾಲದ ತುಡಿತ ಈ ಹೆಸರಿನಲ್ಲಿ ಉಳಿದುಕೊಂಡಿದೆ.

ಕೊನೆಯ ವರ್ಷಗಳು

ಅನಾರೋಗ್ಯದಿಂದಾಗಿ 1887ರಲ್ಲಿ ಮೇರಿ ಇಂಗ್ಲೆಂಡಿಗೆ ಮರಳಬೇಕಾಯಿತು. ಮರುವರ್ಷವೇ ಎಂ.ಡಿ. ಪದವಿ ಪಡೆದರು. 1891ರಲ್ಲಿ ಪತಿ ನಿಧನರಾದರು. ಆದರೂ ಅವರ ದುಡಿಮೆ ನಿಲ್ಲಲಿಲ್ಲ. ಶಸ್ತ್ರಚಿಕಿತ್ಸಕಿಯಾಗಿ ಹೆಸರು ಗಳಿಸಿದ ಅವರು 1902ರಲ್ಲಿ ರಾಯಲ್ ಫ್ರೀ ಆಸ್ಪತ್ರೆಯ ಸ್ತ್ರೀರೋಗ ತಜ್ಞೆಯಾಗಿ ನೇಮಕಗೊಂಡರು. 1926ರಲ್ಲಿ ಬ್ರಿಟಿಷ್ ಸರಕಾರ ಅವರಿಗೆ ಡೇಮ್ ಪದವಿ ನೀಡಿ ಗೌರವಿಸಿತು. 1930ರ ನವೆಂಬರಿನಲ್ಲಿ, 85ನೆಯ ವಯಸ್ಸಿನಲ್ಲಿ, ಅವರು ಕೊನೆಯುಸಿರೆಳೆದರು.

ಅವರು ತೆರೆದ ದಾರಿಯಲ್ಲಿ ಬೇರೆಯವರೂ ನಡೆದರು. 1882ರಲ್ಲಿ ಬಂಗಾಳದ ಅಬಲಾ ದಾಸ್ ವೈದ್ಯಕೀಯ ಓದಲು ಮದ್ರಾಸಿಗೇ ಬರಬೇಕಾಯಿತು, ಏಕೆಂದರೆ ಕಲ್ಕತ್ತದ ಮೆಡಿಕಲ್ ಕಾಲೇಜು ಆಗ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿರಲಿಲ್ಲ. ಮುಂದೆ 1912ರಲ್ಲಿ ಮುತ್ತುಲಕ್ಷ್ಮಿ ರೆಡ್ಡಿ ಇದೇ ಮದ್ರಾಸ್ ಕಾಲೇಜಿನಿಂದ ವೈದ್ಯೆಯಾಗಿ ಹೊರಬಂದರು.

ನಮಗೊಂದು ಪಾಠ

ಮೇರಿಯವರ ಬದುಕಿನಿಂದ ನಾವು ಕಲಿಯಬೇಕಾದುದೇನು? ತಡವಾಗಿ ಬಂದ ವಿದ್ಯಾರ್ಥಿ ಬರಿಗೈಯಲ್ಲಿ ಬರುವುದಿಲ್ಲ. ಮನೆಯ ಹೊಣೆ ಹೊತ್ತವರಿಗೆ, ರೋಗಿಯ ಬಳಿ ರಾತ್ರಿ ಕಳೆದವರಿಗೆ ತಾನು ಯಾರಿಗಾಗಿ ಓದುತ್ತಿದ್ದೇನೆ ಎಂಬುದು ಮೊದಲೇ ಗೊತ್ತಿರುತ್ತದೆ. ಹದಿನೆಂಟರ ಹುಡುಗ ಹುಡುಗಿಯರಿಗೆ ಎಷ್ಟೋ ಸಲ ಓದು ಮುಗಿದ ಮೇಲೆ ಹೊಳೆಯುವ ಉತ್ತರ ಅದು. ಅರ್ಜಿ ಹಾಕುವ ಹೊತ್ತಿಗೇ ಮೇರಿಯವರ ಬಳಿ ಆ ಉತ್ತರವಿತ್ತು. ಅದುವೇ ಅವರನ್ನು ಎರಡು ದೇಶಗಳ ಕಾಲೇಜುಗಳಲ್ಲಿ ಮುನ್ನಡೆಸಿತು.

ನಮ್ಮ ದೇಶದಲ್ಲಿ ವೈದ್ಯಕೀಯ ಪದವಿ ಪ್ರವೇಶದ ನೀಟ್ ಪರೀಕ್ಷೆಗಿದ್ದ ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಲಾಯಿತು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ, ನಂತರ ಮದುವೆಯ ಕಾರಣಕ್ಕೋ ಬಡತನದ ಕಾರಣಕ್ಕೋ ಪುಸ್ತಕ ಮುಚ್ಚಿಟ್ಟ ಅನೇಕ ಸಹೋದರಿಯರು ನಮ್ಮ ಮನೆಗಳಲ್ಲಿದ್ದಾರೆ. ಪರೀಕ್ಷೆ ಕಠಿಣ, ಸ್ಪರ್ಧೆ ದೊಡ್ಡದು, ಖರ್ಚೂ ಕಡಿಮೆಯಲ್ಲ ಎಂಬುದು ನಿಜ. ಎಲ್ಲರಿಗೂ ಸೀಟು ಸಿಗಲಾರದು. ಆದರೆ ವಯಸ್ಸಾಯಿತು, ಮಕ್ಕಳಾದವು ಎಂಬ ಒಂದೇ ಕಾರಣಕ್ಕೆ ಯಾರೂ ಅರ್ಜಿ ಹಾಕದೆ ಉಳಿಯಬಾರದು. ಅಂಥವರು ಮತ್ತೆ ಓದಲು ಕೂತಾಗ ಮನೆಯ ಕೆಲಸಕ್ಕೆ ಹೆಗಲು ಕೊಡುವ ಪತಿ, ಮಕ್ಕಳನ್ನು ನೋಡಿಕೊಳ್ಳುವ ಅತ್ತೆ, ಪ್ರೋತ್ಸಾಹಿಸುವ ಶಿಕ್ಷಕರು ನಾವಾಗಬೇಕು.