ಸಿಡುಕು ಸ್ವಭಾವದ ಸೌಮ್ಯ ಸಂತ



ಹೊಸ ವರ್ಷದ ಮೊದಲ ದಿನ ನೀವು ಏನಾದರೊಂದು ನಿರ್ಧಾರ ಮಾಡಿಯೇ ಇರುತ್ತೀರಿ. ಇನ್ನು ಮಕ್ಕಳ ಮೇಲೆ ರೇಗುವುದಿಲ್ಲ, ಅತ್ತೆಗೆ ಎದುರು ಮಾತಾಡುವುದಿಲ್ಲ, ಸಂಜೆಯ ಜಪಸರ ತಪ್ಪಿಸುವುದಿಲ್ಲ. ಮೂರು ರಾಯರ ಹಬ್ಬ ಬರುವಷ್ಟರಲ್ಲಿ ಆ ನಿರ್ಧಾರ ಮುರಿದಿರುತ್ತದೆ. ಆಗ ಇನ್ನೊಂದು ಕೋಪ ಹುಟ್ಟುತ್ತದೆ. ಅದು ನಮ್ಮ ಮೇಲೆಯೇ ನಮಗೆ ಬರುವ ಕೋಪ. ನಾನು ಇಷ್ಟೇ, ನಾನು ಉದ್ಧಾರವಾಗುವ ಪೈಕಿಯಲ್ಲ ಎಂದು ಮನಸ್ಸು ಮುದುಡಿಕೊಳ್ಳುತ್ತದೆ. ಮಾಡಿದ ತಪ್ಪಿಗಿಂತ ಈ ಎರಡನೆಯ ಕೋಪದ ಭಾರವನ್ನೇ ಹೆಚ್ಚಾಗಿ ಹೊತ್ತು ನಡೆಯುವವರು ನಮ್ಮಲ್ಲಿ ಎಷ್ಟು ಮಂದಿ! ಅಂಥವರಿಗಾಗಿ, ಜನವರಿ 24ರಂದು ಧರ್ಮಸಭೆ ಸ್ಮರಿಸುವ ಸಂತ ಫ್ರಾನ್ಸಿಸ್ ಡಿ ಸೇಲ್ಸರ ಬಾಳಿನ ಕೆಲವು ಸಂಗತಿಗಳನ್ನು ನಿಮ್ಮ ಮುಂದಿಡಬೇಕೆನಿಸಿದೆ.

ಅವರು ಹುಟ್ಟಿದ್ದು 1567ರ ಆಗಸ್ಟ್ 21ರಂದು, ಆಲ್ಪ್ಸ್ ಪರ್ವತಗಳ ಮಡಿಲಿನ ಸವೋಯ್ ಪ್ರಾಂತ್ಯದ ಸಿರಿವಂತ ಮನೆತನದಲ್ಲಿ. ಮಗ ದೊಡ್ಡ ವಕೀಲನಾಗಬೇಕು, ರಾಜಸಭೆಯಲ್ಲಿ ಕೂರಬೇಕು ಎಂಬುದು ತಂದೆಯ ಆಸೆ. ಓದಿಗೆಂದು ಪ್ಯಾರಿಸ್ಸಿನ ಯೇಸುಸಭೆಯವರ ಕಾಲೇಜಿಗೆ ಕಳಿಸಿದರು. ಅಲ್ಲಿ 19ನೆಯ ವಯಸ್ಸಿನಲ್ಲಿ ಆ ಯುವಕನಿಗೆ ಒಂದು ಘೋರ ಪರೀಕ್ಷೆ ಎದುರಾಯಿತು.

ಯಾರು ರಕ್ಷಣೆ ಹೊಂದುತ್ತಾರೆ, ಯಾರು ನಾಶವಾಗುತ್ತಾರೆ ಎಂಬುದನ್ನು ದೇವರು ಮೊದಲೇ ನಿಶ್ಚಯಿಸಿದ್ದಾರೆಯೇ ಎಂಬ ಚರ್ಚೆ ಆಗ ಎಲ್ಲೆಡೆ ಬಿಸಿಯಾಗಿತ್ತು. ಫ್ರಾನ್ಸಿಸರಿಗೆ ತಾನು ನಾಶವಾಗುವವರ ಪಟ್ಟಿಯಲ್ಲಿದ್ದೇನೆ ಎಂಬ ಭಯ ಹಿಡಿಯಿತು. ಊಟ ಸೇರಲಿಲ್ಲ, ನಿದ್ರೆ ಬರಲಿಲ್ಲ, ದೇಹ ಕೃಶವಾಯಿತು. 1586ರ ಕೊನೆಯಲ್ಲಿ ಆರಂಭವಾದ ಈ ಸಂಕಟ ಸುಮಾರು ಆರು ವಾರ ಅವರನ್ನು ಹಿಂಡಿತು. ಒಂದು ದಿನ ಸಂತ ಸ್ತೇಫನರ ಹೆಸರಿನ ದೇವಾಲಯವೊಂದಕ್ಕೆ ಹೋಗಿ ಮಾತೆ ಮರಿಯಮ್ಮನವರ ಸ್ವರೂಪದ ಮುಂದೆ ಮೊಣಕಾಲೂರಿದರು. ಪರಲೋಕದಲ್ಲಿ ನಿಮ್ಮನ್ನು ಪ್ರೀತಿಸುವ ಭಾಗ್ಯ ನನಗಿಲ್ಲವೆಂದೇ ಆದರೆ, ಈ ಲೋಕದಲ್ಲಿ ಬದುಕಿರುವಷ್ಟು ಕಾಲವಾದರೂ ಪ್ರೀತಿಸುತ್ತೇನೆ ಎಂದು ದೇವರಿಗೆ ಒಪ್ಪಿಸಿಕೊಂಡರು. ಭಯ ಕಳಚಿ ಬಿತ್ತು. ಗಮನಿಸಿ, ಅವರ ಪ್ರಶ್ನೆಗೆ ಉತ್ತರವೇನೂ ಸಿಕ್ಕಿರಲಿಲ್ಲ. ನಾಳೆಯ ಲೆಕ್ಕವನ್ನು ದೇವರ ಕೈಗೆ ಬಿಟ್ಟು ಇಂದು ಪ್ರೀತಿಸುವ ಕೆಲಸವನ್ನು ಮಾತ್ರ ತಾವು ಇಟ್ಟುಕೊಂಡರು, ಅಷ್ಟೆ. ನಿರಾಶೆಯ ರುಚಿಯನ್ನು ಇಷ್ಟು ಹತ್ತಿರದಿಂದ ಕಂಡಿದ್ದರಿಂದಲೇ ಮುಂದೆ ಕುಗ್ಗಿದ ಮನಸ್ಸುಗಳ ಬಳಿ ಅವರು ಅಷ್ಟು ಮೃದುವಾಗಿ ನಡೆದುಕೊಂಡರೆಂದು ನನಗನಿಸುತ್ತದೆ.

ಪಾದುವಾದಲ್ಲಿ 1591ರಲ್ಲಿ ಕಾನೂನಿನ ಡಾಕ್ಟರೇಟ್ ಪಡೆದು ಊರಿಗೆ ಮರಳಿದಾಗ ತಂದೆ ಹೆಣ್ಣನ್ನೂ ನೋಡಿಟ್ಟಿದ್ದರು. ಮಗ ವಿನಯದಿಂದಲೇ, ಆದರೆ ಹಟ ಬಿಡದೆ, 1593ರ ಡಿಸೆಂಬರಿನಲ್ಲಿ ಗುರುದೀಕ್ಷೆ ಪಡೆದ. ಮರುವರ್ಷ ಶಾಬ್ಲೆ ಎಂಬ ಸೀಮೆಗೆ ಹೊರಟರು. ಸುಮಾರು 60 ವರ್ಷಗಳ ಹಿಂದೆ ಪ್ರೊಟೆಸ್ಟಂಟ್ ಮತಕ್ಕೆ ಸೇರಿಹೋಗಿದ್ದ ಸೀಮೆ ಅದು. ಬೋಧನೆ ಕೇಳಲು ಜನ ಬರಲಿಲ್ಲ. ಆಗ ಅವರು ತಮ್ಮ ಮಾತುಗಳನ್ನು ಹಾಳೆಗಳಲ್ಲಿ ಬರೆದು ಮನೆಮನೆಗೆ ಹಂಚತೊಡಗಿದರು. 1923ರಲ್ಲಿ ಹನ್ನೊಂದನೆಯ ಭಕ್ತಿನಾಥ ಜಗದ್ಗುರುಗಳು ಅವರನ್ನು ಪತ್ರಕರ್ತರ ಪಾಲಕರೆಂದು ಘೋಷಿಸಿದರು. ಹಾಗಾಗಿ ನಿಮ್ಮ ಕೈಯಲ್ಲಿರುವ ಇಂಥ ಪತ್ರಿಕೆಗೂ ಅವರೇ ಹಿರಿಯರು! ನಾಲ್ಕು ವರ್ಷಗಳಲ್ಲಿ ಆ ಸೀಮೆಯ ಬಹುಪಾಲು ಜನ ಧರ್ಮಸಭೆಗೆ ಮರಳಿದರು. ಅದರಲ್ಲಿ ಡ್ಯೂಕನ ರಾಜಶಕ್ತಿಯ ಒತ್ತಡವೂ ಇತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ದೊರೆಯ ಸೈನಿಕರು ಬರುವ ಮೊದಲು, ಚಳಿಯಲ್ಲಿ ಮೈಲಿಗಟ್ಟಲೆ ನಡೆದು ಖಾಲಿ ಬೆಂಚುಗಳಿಗೆ ಬೋಧಿಸಿದ ಆ ಯುವಗುರುವಿನ ತಾಳ್ಮೆ ಅವರದೇ.

1602ರಲ್ಲಿ ಅವರು ಜಿನೀವದ ಧರ್ಮಾಧ್ಯಕ್ಷರಾದರು. ಜಿನೀವ ನಗರ ಕ್ಯಾಲ್ವಿನ್ ಪಂಥದವರ ಕೈಯಲ್ಲಿದ್ದುದರಿಂದ ಆನ್ಸಿ ಎಂಬ ಊರಿನಲ್ಲಿ ವಾಸ. ಬೆಟ್ಟಗಾಡಿನ ಧರ್ಮಕೇಂದ್ರಗಳನ್ನೆಲ್ಲ ಸುತ್ತಿದರು. ಹುಟ್ಟು ಕಿವುಡನಾದ ಯುವಕನೊಬ್ಬನಿಗೆ ಸನ್ನೆಗಳಿಂದಲೇ ಧರ್ಮೋಪದೇಶ ಕಲಿಸಿದರು.

ಇಂಥವರನ್ನು ಜನ ಹುಟ್ಟಿನಿಂದಲೇ ಸೌಮ್ಯರೆಂದು ತಿಳಿಯುವುದು ಸಹಜ. ಆದರೆ ಅವರ ಸ್ವಭಾವ ಮೂಲದಲ್ಲಿ ಸಿಡುಕಿನದು, ರಕ್ತ ಬೇಗ ಕುದಿಯುವಂಥದು. ಒಮ್ಮೆ ಒಬ್ಬ ಅವರ ಎದುರಿಗೇ ಬಾಯಿಗೆ ಬಂದಂತೆ ಬೈದನಂತೆ. ಅವರು ತುಟಿ ಬಿಚ್ಚಲಿಲ್ಲ. ಯಾಕೆ ಸುಮ್ಮನಿದ್ದಿರಿ ಎಂದು ಬಳಿಕ ಆಪ್ತರು ಕೇಳಿದಾಗ, ಎಷ್ಟೋ ವರ್ಷಗಳಿಂದ ಹನಿಹನಿಯಾಗಿ ಕೂಡಿಟ್ಟ ಸ್ವಲ್ಪ ಸೌಮ್ಯತೆಯನ್ನು ಕಾಲು ಗಂಟೆಯಲ್ಲಿ ಚೆಲ್ಲಿಕೊಳ್ಳುವ ಭಯವಿತ್ತು ಎಂಬ ಅರ್ಥದ ಮಾತು ಹೇಳಿದರೆಂದು ಅವರ ಚರಿತ್ರೆಕಾರರು ಬರೆಯುತ್ತಾರೆ. ನೋಡಿ, ಧರ್ಮಾಧ್ಯಕ್ಷರಾದ ಮೇಲೂ ಅವರ ಕೋಪ ಸತ್ತಿರಲಿಲ್ಲ.

ಗೃಹಿಣಿಯರು, ಸೈನಿಕರು, ಕೈಕಸುಬಿನವರು ತಮ್ಮ ತಮ್ಮ ಕೆಲಸ ಬಿಡದೆಯೇ ಪರಿಶುದ್ಧರಾಗಬಹುದು ಎಂದು ಅವರು ಕಲಿಸಿದರು. ಇದು ಆ ಕಾಲಕ್ಕೆ ಹೊಸ ಮಾತು. ಬಂಧುವೊಬ್ಬರ ಹೆಂಡತಿಗೆ ಬರೆದ ಪತ್ರಗಳು ಬೆಳೆದು, 1609ರಲ್ಲಿ ಭಕ್ತಿಜೀವನಕ್ಕೆ ಪ್ರವೇಶ ಎಂಬ ಅರ್ಥದ ಹೆಸರಿನ ಪುಸ್ತಕವಾಯಿತು. ಅದರಲ್ಲಿ ನಮ್ಮ ಮೇಲೆ ನಾವೇ ತೋರಬೇಕಾದ ಸೌಮ್ಯತೆಗೆ ಒಂದು ಅಧ್ಯಾಯವೇ ಇದೆ. ಕೋಪಿಸಿಕೊಂಡದ್ದಕ್ಕಾಗಿ ಮತ್ತೆ ಕೋಪಿಸಿಕೊಳ್ಳುವುದು, ಬೇಸರಪಟ್ಟದ್ದಕ್ಕಾಗಿ ಮತ್ತೆ ಬೇಸರಪಡುವುದು ಪಶ್ಚಾತ್ತಾಪವಲ್ಲ, ಅಹಂಕಾರ ಎಂದು ಅವರು ತೋರಿಸಿಕೊಡುತ್ತಾರೆ. ನಾನು ಬೀಳುವವನೇ ಅಲ್ಲ ಎಂದು ನಂಬಿದವನಿಗೆ ತಾನೇ ಬಿದ್ದಾಗ ಆಶ್ಚರ್ಯ? ಬೆಳಿಗ್ಗೆ ಐದು ನಿಮಿಷ ಕುಳಿತು, ಈ ದಿನ ಯಾರನ್ನು ಎದುರಿಸಬೇಕು, ಎಲ್ಲಿ ಮನಸ್ಸು ಕೆರಳಬಹುದು ಎಂದು ಮುಂಚಿತವಾಗಿ ಯೋಚಿಸಿ ಸಿದ್ಧರಾಗುವ ಕ್ರಮವನ್ನೂ ಅದೇ ಪುಸ್ತಕ ಕಲಿಸುತ್ತದೆ. ನಿಮ್ಮ ಮನೆಯಲ್ಲಿ ಶಾಲೆಗೆ ಹೊರಡುವ ಮಕ್ಕಳಿದ್ದರೆ ಇದರ ಬೆಲೆ ನಿಮಗೇ ಗೊತ್ತಾಗುತ್ತದೆ.

ಈ ಬೋಧನೆಯ ಪೂರ್ಣ ಫಲ ಕಾಣಬೇಕಾದರೆ ಜೇನ್ ಡಿ ಶಾಂತಾಲರ ಕಡೆ ನೋಡಬೇಕು. 1601ರಲ್ಲಿ ಬೇಟೆಯ ಜೊತೆಗಾರನ ಕೈತಪ್ಪಿ ಹಾರಿದ ಗುಂಡು ಅವರ ಗಂಡನ ಪ್ರಾಣ ತೆಗೆಯಿತು. ಆಗ ಆಕೆಗೆ ವಯಸ್ಸು ಮೂವತ್ತೂ ಆಗಿರಲಿಲ್ಲ. ನಾಲ್ಕು ಚಿಕ್ಕ ಮಕ್ಕಳು. ಸಾಯುವ ಮುನ್ನ ಗಂಡ ಕ್ಷಮಿಸಿದ್ದರೂ ಹೆಂಡತಿಗೆ ಆ ಮನುಷ್ಯನ ಮುಖ ನೋಡಲಾಗಲಿಲ್ಲ. ಮೇಲಾಗಿ ಸಿಡುಕಿನ ಮಾವನ ಮನೆ, ಅಲ್ಲಿ ಮನೆಕೆಲಸದವಳೊಬ್ಬಳದೇ ದರ್ಬಾರು. ಆಕೆಗೆ ಮೊದಲಿದ್ದ ಆತ್ಮಿಕ ಮಾರ್ಗದರ್ಶಿ ಹರಕೆ, ಉಪವಾಸಗಳ ಹೊರೆಯನ್ನಷ್ಟೇ ಹೇರಿದ್ದರು.

1604ರ ತಪಸ್ಸುಕಾಲದಲ್ಲಿ ದಿಜೋನ್ ನಗರದಲ್ಲಿ ಫ್ರಾನ್ಸಿಸರ ಬೋಧನೆ ಕೇಳಿ ಆಕೆ ಅವರ ಮಾರ್ಗದರ್ಶನ ಬೇಡಿದರು. ಅವರು ಮೊದಲು ಆ ಹೊರೆ ಇಳಿಸಿದರು. ಒತ್ತಾಯದಿಂದ ಏನೂ ಬೇಡ, ಪ್ರೀತಿಯಿಂದ ಎಲ್ಲವೂ ಆಗಲಿ ಎಂದು ತಿಳಿಸಿದರು. ಗಂಡನನ್ನು ಕೊಂದವನ ವಿಷಯ ಬಂದಾಗಲೂ ಹೋಗಿ ಅವನನ್ನು ತಬ್ಬಿಕೊಳ್ಳೆಂದು ಆಜ್ಞೆ ಮಾಡಲಿಲ್ಲ. ಹುಡುಕಿಕೊಂಡು ಹೋಗುವುದು ಬೇಡ, ತಾನಾಗಿ ಎದುರಾದರೆ ಮೃದುವಾಗಿರು, ಒಳಗೆ ಹೃದಯ ಕಲಕಿದರೆ ಕಲಕಲಿ ಎಂಬುದು ಅವರ ಸಲಹೆ. ಕಲಕುವ ಹೃದಯವನ್ನು ಅವರು ಪಾಪವೆಂದು ಎಣಿಸಲಿಲ್ಲ. ವರ್ಷಗಳು ಬೇಕಾದವು. ಕೊನೆಗೆ ಆ ಮನುಷ್ಯನ ಮಗುವಿಗೆ ಜ್ಞಾನಸ್ನಾನದಲ್ಲಿ ಜ್ಞಾನತಾಯಿಯಾಗಿ ನಿಂತವರು ಇದೇ ಜೇನ್.

1610ರಲ್ಲಿ ಅವರಿಬ್ಬರೂ ಸೇರಿ, ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರನ್ನು ಸಂಧಿಸಿದ ಘಟನೆಯ ಹೆಸರಿನಲ್ಲಿ ಆನ್ಸಿಯಲ್ಲಿ ಕನ್ಯಾಸ್ತ್ರೀಯರ ಸಭೆ ಸ್ಥಾಪಿಸಿದರು. ಕಠೋರ ತಪಸ್ಸು ತಾಳಲಾರದ ವಿಧವೆಯರಿಗೂ ದುರ್ಬಲ ದೇಹದವರಿಗೂ ಅಲ್ಲಿ ಬಾಗಿಲು ತೆರೆದಿತ್ತು. ನಮ್ಮೂರುಗಳಲ್ಲಿ ಡಾನ್ ಬೋಸ್ಕೋ ಶಾಲೆಗಳನ್ನು ನಡೆಸುವ ಸಲೇಷಿಯನ್ ಗುರುಗಳಿಗೂ ಆ ಹೆಸರು ಬಂದದ್ದು ಸೇಲ್ಸರಿಂದಲೇ.

1622ರ ಡಿಸೆಂಬರಿನಲ್ಲಿ ಲಿಯೋನ್ ನಗರದಲ್ಲಿ ಜೇನ್ ಅವರನ್ನು ಕಂಡರು. ಮೂರು ವರ್ಷಗಳಿಂದ ಭೇಟಿಯಾಗಿರಲಿಲ್ಲ. ತಮ್ಮ ಆತ್ಮದ ಸಂಗತಿಗಳನ್ನು ಹೇಳಿಕೊಳ್ಳಲು ಆಕೆ ಕಾತರರಾಗಿದ್ದರು. ಫ್ರಾನ್ಸಿಸರು ಮೊದಲು ಸಭೆಯ ಕೆಲಸಗಳನ್ನು ಮಾತಾಡಿ ಮುಗಿಸೋಣ, ನಿಮ್ಮ ವಿಷಯ ಆನ್ಸಿಗೆ ಹೋದ ಮೇಲೆ ನೋಡೋಣ ಎಂದರು. ಆಕೆ ಮಾತಿಲ್ಲದೆ ತಮ್ಮ ಟಿಪ್ಪಣಿಗಳನ್ನು ಮಡಿಸಿಟ್ಟು ಮಠಗಳ ಲೆಕ್ಕ ತೆಗೆದರು. ಆ ತಿಂಗಳ 28ರಂದು, 55ರ ವಯಸ್ಸಿನಲ್ಲಿ, ಮಠದ ತೋಟಗಾರನ ಪುಟ್ಟ ಮನೆಯಲ್ಲಿ ಫ್ರಾನ್ಸಿಸರು ಪ್ರಭುವಿನಲ್ಲಿ ನಿದ್ರೆಹೋದರು. ಜೇನ್ ಆಗ ಬೇರೆ ಊರಿನಲ್ಲಿದ್ದರು. ಮತ್ತೆ 19 ವರ್ಷ ಬದುಕಿ, ಹೊಸ ಹೊಸ ಮಠಗಳನ್ನು ಕಟ್ಟುತ್ತಾ, ಅವರ ಪತ್ರಗಳನ್ನು ಒಂದೊಂದಾಗಿ ಕಲೆಹಾಕಿದರು.