ಕೂದಲೆಳೆಯ ಅಳತೆಗಾರ ಹೆನ್ರಿ ಲೆಲೆಂಡ್

ರಾಯಚೂರಿನಿಂದ ಗಿಲ್ಲೆಸುಗೂರಿಗೆ ಹೋಗುವ ಹಾದಿಯಲ್ಲಿ ಹತ್ತಿಯ ಹೊರೆ ಹೊತ್ತ ಲಾರಿಯೊಂದು ಕೆಟ್ಟು ನಿಂತಿತೆನ್ನಿ. ಗೇರುಪೆಟ್ಟಿಗೆಯಿಂದ ಕಳಚಿದ ಹಲ್ಲುಗಾಲಿಯನ್ನು ಹಿಡಿದು ಚಾಲಕನು ರಾಯಚೂರಿಗೆ ಮರಳುತ್ತಾನೆ. ಅಂಗಡಿಯವನು ಅದರ ನಂಬರನ್ನು ನೋಡಿ ಅಂಥದೇ ಇನ್ನೊಂದನ್ನು ತೆಗೆದುಕೊಡುತ್ತಾನೆ. ಎಲ್ಲಿಯೋ, ಎಂದೋ, ಯಾರೋ ಮಾಡಿದ ಆ ಭಾಗವು ಹಳೆಯದರ ಸ್ಥಳದಲ್ಲಿ ಸರಿಯಾಗಿ ಕೂಡುತ್ತದೆ. ಸಂಜೆಯ ಹೊತ್ತಿಗೆ ಲಾರಿಯು ಮುಂದೆ ಸಾಗುತ್ತದೆ. ಇದರಲ್ಲಿ ನಮಗೆ ಸೋಜಿಗವೇನೂ ಕಾಣುವುದಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಇದು ಸೋಜಿಗವೇ ಆಗಿತ್ತು. ಆ ಸೋಜಿಗವನ್ನು ದಿನನಿತ್ಯದ ಮಾತನ್ನಾಗಿ ಮಾಡಿದವರಲ್ಲಿ ಅಗ್ರಗಣ್ಯನು ಅಮೆರಿಕದ ಹೆನ್ರಿ ಲೆಲೆಂಡ್.

ಲೆಲೆಂಡನು 1843ರಲ್ಲಿ ವರ್ಮಾಂಟ್ ಪ್ರಾಂತದ ರೈತ ಮನೆತನವೊಂದರಲ್ಲಿ ಹುಟ್ಟಿದನು. ಎಳೆಯ ಪ್ರಾಯದಲ್ಲಿಯೇ ಮಗ್ಗಗಳನ್ನು ಮಾಡುವ ಕಾರ್ಖಾನೆಯಲ್ಲಿ ಕೆಲಸ ಕಲಿತನು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಸ್ಪ್ರಿಂಗ್‌ಫೀಲ್ಡಿನ ಸರಕಾರಿ ಶಸ್ತ್ರಾಗಾರವನ್ನು ಸೇರಿದನು. ಆತನ ಬಾಳಿನ ದಿಕ್ಕು ಗೊತ್ತಾದದ್ದು ಅಲ್ಲಿ. ಯುದ್ಧಭೂಮಿಯಲ್ಲಿ ಬಂದೂಕಿನ ಕುದುರೆ ಮುರಿದರೆ ಅರ ಹಿಡಿದು ಉಜ್ಜುತ್ತ ಕೂಡಲು ಸಿಪಾಯಿಗೆ ವೇಳೆಯಿರುವುದಿಲ್ಲ. ಒಂದು ಬಂದೂಕಿನ ಭಾಗವು ಇನ್ನೊಂದಕ್ಕೆ ಹಾಗೆಯೇ ಹೊಂದಬೇಕು. ಈ ಪಾಠವನ್ನು ತರುಣನು ಮರೆಯಲಿಲ್ಲ. ಮುಂದೆ ಬ್ರೌನ್ ಅಂಡ್ ಶಾರ್ಪ್ ಎಂಬ ಹೆಸರಾಂತ ಸಂಸ್ಥೆಯಲ್ಲಿ ಹೊಲಿಗೆ ಯಂತ್ರದ ಕೆಲಸ ನೋಡಿಕೊಳ್ಳುತ್ತ ಅಂಗುಲದ ಸಾವಿರದಲ್ಲೊಂದು ಪಾಲನ್ನು ಅಳೆಯುವ ಶಿಸ್ತನ್ನು ಮೈಗೂಡಿಸಿಕೊಂಡನು.

1890ರಲ್ಲಿ ಆತನು ಡೆಟ್ರಾಯಿಟ್ ನಗರಕ್ಕೆ ಬಂದು ಪಾಲುಗಾರರೊಡನೆ ಸ್ವಂತ ಕಾರ್ಖಾನೆಯನ್ನು ತೆರೆದನು. ಸರಪಳಿಯ ಬದಲು ಹಲ್ಲುಗಾಲಿಗಳಿಂದಲೇ ಓಡುವ ಸೈಕಲ್ಲುಗಳು ಆಗ ಬಳಕೆಗೆ ಬರುತ್ತಿದ್ದವು. ಅವುಗಳ ತೊಡಕೆಂದರೆ ಇದು: ಕಬ್ಬಿಣದ ಹಲ್ಲು ಸವೆಯದಂತೆ ಗಡುಸಾಗಬೇಕಾದರೆ ಅದನ್ನು ಕಾಸಿ ತಣಿಸಬೇಕು, ಕಾಸಿ ತಣಿಸಿದರೆ ಅದು ತುಸು ಸೊಟ್ಟಗಾಗುತ್ತದೆ. ಸೊಟ್ಟಗಾದ ಹಲ್ಲು ಜೊತೆಯ ಹಲ್ಲನ್ನು ಪೂರ್ಣವಾಗಿ ಮುಟ್ಟುವುದಿಲ್ಲ. ಹೊರೆಯೆಲ್ಲ ಒಂದು ಮೂಲೆಯ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚುತ್ತದೆ, ಬಿಸಿ ಏರುತ್ತದೆ, ಗಾಲಿಗೆ ಮುಟ್ಟಬೇಕಾದ ಬಲವು ನಡುದಾರಿಯಲ್ಲಿಯೇ ಸೋರಿಹೋಗುತ್ತದೆ. ಲೆಲೆಂಡನು ಗಡುಸಾದ ಮೇಲೆ ಹಲ್ಲುಗಳನ್ನು ಮತ್ತೆ ಸಾಣೆ ಹಿಡಿದು ಅಳತೆಗೆ ತಂದನು. ಬಾಳಿಕೆ ಮತ್ತು ನಯ ಇವೆರಡೂ ಒಂದೇ ಗಾಲಿಯಲ್ಲಿ ಕೂಡಿದವು.

1901ರಲ್ಲಿ ಓಲ್ಡ್ಸ್ ಎಂಬ ಮೋಟಾರು ತಯಾರಕನು ತನ್ನ ಗಾಡಿಯ ಗೇರುಗಳ ಗದ್ದಲಕ್ಕೆ ಬೇಸತ್ತು ಲೆಲೆಂಡನ ಮೊರೆಹೊಕ್ಕನು. ಗೇರುಗಳ ಗದ್ದಲ ಅಡಗಿತು. ಬಳಿಕ ಎಂಜಿನುಗಳ ಕೆಲಸವೂ ಬಂದಿತು. ಒಂದೇ ನಕ್ಷೆಯಂತೆ ಡಾಜ್ ಸೋದರರೂ ಎಂಜಿನು ಮಾಡುತ್ತಿದ್ದರು. ಆದರೆ ಲೆಲೆಂಡನದು ಹೆಚ್ಚು ಬಲವನ್ನು ಕೊಟ್ಟಿತು. ನಕ್ಷೆ ಬೇರೆಯಲ್ಲ, ಅಳತೆಯ ನಿಷ್ಠೆ ಬೇರೆ. ತರುವಾಯ ಅದನ್ನೇ ತಿದ್ದಿ 10.25 ಅಶ್ವಶಕ್ತಿಯ ಎಂಜಿನನ್ನು ಆತನು ಮುಂದಿಟ್ಟಾಗ ಓಲ್ಡ್ಸ್ ಸಂಸ್ಥೆ ಒಪ್ಪಲಿಲ್ಲ. 1902ರಲ್ಲಿ ಹೆನ್ರಿ ಫೋರ್ಡನು ಬಿಟ್ಟುಹೋಗಿದ್ದ ಕಂಪನಿಯ ಹಣವಂತರು ಅದನ್ನು ಮುಚ್ಚುವ ಯೋಚನೆಯಿಂದ ಯಂತ್ರಗಳ ಬೆಲೆ ಕಟ್ಟಲು ಲೆಲೆಂಡನನ್ನು ಕರೆದರು. ಆತನು ಬೆಲೆಯನ್ನೂ ಕಟ್ಟಿದನು, ಮುಚ್ಚಬೇಡಿರೆಂದೂ ಹೇಳಿ ಎಂಜಿನನ್ನು ತೋರಿಸಿದನು. ಕ್ಯಾಡಿಲಾಕ್ ಕಂಪನಿಯು ಹುಟ್ಟಿದ್ದು ಹೀಗೆ.

ಆ ಕಾಲದ ಮೋಟಾರುಗಳಲ್ಲಿ ಬಹುಪಾಲು ಭಾಗಗಳನ್ನು ಕುಶಲಿಗಳು ಅರದಿಂದ ಉಜ್ಜಿ ಒಂದಕ್ಕೊಂದು ಹೊಂದಿಸುತ್ತಿದ್ದರು. ಒಂದು ಭಾಗ ಮುರಿದರೆ ಮತ್ತೆ ಅದೇ ತಪಸ್ಸು. ಅಗ್ಗದ ಅಮೆರಿಕದ ಗಾಡಿಯನ್ನು ಕುರಿತು ಇಂಗ್ಲೆಂಡಿನವರಿಗೆ ತಾತ್ಸಾರವೂ ಇತ್ತು. ಅಲ್ಲಿಯ ಕ್ಯಾಡಿಲಾಕ್ ಮಾರಾಟಗಾರನು ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಪರೀಕ್ಷೆಗೆ ತಾನಾಗಿಯೇ ಮುಂದಾದನು. 1908ರ ಫೆಬ್ರವರಿ ಕೊನೆಯಲ್ಲಿ ಬ್ರೂಕ್‌ಲ್ಯಾಂಡ್ಸ್ ಓಟದ ಕಣದಲ್ಲಿ ಒಂದೇ ಮಾದರಿಯ ಮೂರು ಕಾರುಗಳನ್ನು ತಂದು ನಿಲ್ಲಿಸಿದರು. ಒಂದೊಂದನ್ನೂ 721 ಭಾಗಗಳಾಗಿ ಕಳಚಿದರು. ಮೂರರ ಭಾಗಗಳನ್ನೂ ಗುರುತು ಸಿಗದಂತೆ ಬೆರೆಸಿದರು. ಅದರಲ್ಲಿ 89 ಭಾಗಗಳನ್ನು ಎತ್ತಿಟ್ಟು ಮಾರಾಟಗಾರನ ದಾಸ್ತಾನಿನಿಂದ ತಂದ ಹೊಸ ಬಿಡಿಭಾಗಗಳನ್ನು ಸೇರಿಸಿದರು. ಪಾನ, ಸ್ಕ್ರೂ ಡ್ರೈವರುಗಳ ಹೊರತು ಕೆಲಸಗಾರರ ಕೈಯಲ್ಲಿ ಬೇರೇನೂ ಇರಲಿಲ್ಲ. ಅರವನ್ನು ಮುಟ್ಟುವಂತೆಯೇ ಇರಲಿಲ್ಲ. ಆ ರಾಶಿಯಿಂದ ಮೂರು ಕಾರುಗಳು ಎದ್ದು ನಿಂತವು; ಅಷ್ಟೇ ಅಲ್ಲ, 500 ಮೈಲು ಪೂರ್ಣ ವೇಗದಲ್ಲಿ ಓಡಿದವು. ಆ ವರ್ಷದ ಡೀವಾರ್ ಪಾರಿತೋಷಕವು ಕ್ಯಾಡಿಲಾಕಿಗೆ ಸಂದಿತು.

ಈ ಜಯದ ಅರ್ಥವನ್ನು ನಮ್ಮ ಬೀದಿಯ ಸೈಕಲ್ ಅಂಗಡಿಯವನೂ ಬಲ್ಲನು. ಸವೆದ ಹಲ್ಲುಗಾಲಿಯ ಮೇಲೆ ಹೊಸ ಸರಪಳಿಯನ್ನು ಹಾಕಿದರೆ ಸರಪಳಿಯೂ ಬೇಗ ಸವೆಯುತ್ತದೆ. ಎಂಜಿನಿನಿಂದ ಗೇರಿಗೆ, ಗೇರಿನಿಂದ ದಂಡಕ್ಕೆ, ದಂಡದಿಂದ ಅಚ್ಚಿಗೆ ಬಲವು ಕೈಯಿಂದ ಕೈಗೆ ದಾಟುತ್ತದೆ. ಒಂದು ಕೈ ಸಡಿಲವಾದರೆ ಉಳಿದವೆಲ್ಲ ಅದರ ಭಾರವನ್ನು ಹೊರಬೇಕು. ಅಳತೆ ತಪ್ಪಿದ ಅಗ್ಗದ ಬಿಡಿಭಾಗವು ತಾನೊಂದೇ ಹಾಳಾಗುವುದಿಲ್ಲ, ನೆರೆಯವರನ್ನೂ ಹಾಳುಮಾಡುತ್ತದೆ.

1909ರಲ್ಲಿ ಕ್ಯಾಡಿಲಾಕ್ ಜನರಲ್ ಮೋಟಾರ್ಸ್ ಸಂಸ್ಥೆಯ ಪಾಲಾಯಿತು. ಆಡಳಿತವು ಲೆಲೆಂಡನ ಕೈಯಲ್ಲಿಯೇ ಉಳಿಯಿತು. ಆದರೆ 1917ರಲ್ಲಿ, ಮಹಾಯುದ್ಧಕ್ಕೆ ವಿಮಾನದ ಎಂಜಿನುಗಳನ್ನು ಮಾಡುವ ವಿಷಯದಲ್ಲಿ ಮನಸ್ತಾಪ ಬಂದು, ಎಪ್ಪತ್ತನ್ನು ದಾಟಿದ ಆ ಮುದುಕನು ಮಗನೊಡನೆ ಹೊರಬಿದ್ದು ಲಿಂಕನ್ ಕಂಪನಿಯನ್ನು ಕಟ್ಟಿದನು. ತನ್ನ ಮೊದಲ ಮತವನ್ನು ಆತನು ಕೊಟ್ಟಿದ್ದು 1864ರಲ್ಲಿ ಅಬ್ರಹಾಂ ಲಿಂಕನನಿಗೆ. ಹೆಸರು ಆ ನೆನಪಿನದು. ಯುದ್ಧ ಮುಗಿದ ಬಳಿಕ ಅದೇ ಹೆಸರಿನ ಕಾರನ್ನು ಮಾಡತೊಡಗಿದನು. ಯಂತ್ರವು ನಿರ್ದೋಷ, ಆದರೆ ಮೈಕಟ್ಟು ಹಳೆಯ ಮಾದರಿಯದು, ಬಿಡುಗಡೆ ತಡ, ಕಾಲವು ಮುಗ್ಗಟ್ಟಿನದು. 1922ರಲ್ಲಿ ಕಂಪನಿಯು ಹರಾಜಿಗೆ ಬಂದಿತು. ಕೊಂಡವನು ಹೆನ್ರಿ ಫೋರ್ಡ್. ಕೆಲವೇ ತಿಂಗಳಲ್ಲಿ ತಂದೆಮಕ್ಕಳಿಬ್ಬರೂ ತಾವು ಕಟ್ಟಿದ ಕಾರ್ಖಾನೆಯಿಂದ ಹೊರಹೋಗಬೇಕಾಯಿತು. ಯಾವ ಭಾಗವನ್ನಾದರೂ ತೆಗೆದು ಇನ್ನೊಂದನ್ನು ಕೂಡಿಸಬಹುದೆಂದು ಲೋಕಕ್ಕೆ ತೋರಿಸಿದವನನ್ನೇ ಲೋಕವು ತೆಗೆದಿರಿಸಿತು. 1932ರಲ್ಲಿ, ಎಂಬತ್ತೊಂಬತ್ತರ ವಯಸ್ಸಿನಲ್ಲಿ, ಲೆಲೆಂಡನು ತೀರಿಕೊಂಡನು.

ಮಾರುಕಟ್ಟೆಯ ಲೆಕ್ಕದಲ್ಲಿ ಆತನು ಸೋತನೆಂದು ಹೇಳಬಹುದು. ಆದರೆ ಆತನು ಹಿಡಿದ ಹಾದಿ ಸೋಲಲಿಲ್ಲ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ಥಾನ್ ಮಷಿನ್ ಟೂಲ್ಸ್ ಸಂಸ್ಥೆಗಳು ಯಂತ್ರಗಳನ್ನು ಮಾಡುವ ಯಂತ್ರಗಳನ್ನು ಕಟ್ಟಲು ತೊಡಗಿದಾಗ, ಕನ್ನಡ ನಾಡಿನ ಕೆಲಸಗಾರನ ಕೈಯೂ ಅದೇ ಕೂದಲೆಳೆಯ ಅಳತೆಯನ್ನು ಕಲಿಯಿತು. ಕಣ್ಣಿಗೆ ಕಾಣದ ಕಡೆಯಲ್ಲಿಯೂ ಕೆಲಸವು ಸರಿಯಾಗಿರಬೇಕೆಂಬ ಹಟ ಅದರ ಬೆನ್ನಿಗಿದೆ. ಅದನ್ನು ಶೀಲವೆಂದು ಕರೆದರೂ ಸಲ್ಲುತ್ತದೆ. ಗಿಲ್ಲೆಸುಗೂರಿನ ಹಾದಿಯಲ್ಲಿ ಕೆಟ್ಟ ಲಾರಿಯು ಸಂಜೆಗೆ ಹೊರಟಿತೆಂದರೆ, ಗಾಲಿಗಳ ನಡುವೆ ಸದ್ದಿಲ್ಲದೆ ತಿರುಗುತ್ತಿರುವುದು ಆ ಹಟವೇ.